ಸಿನಿಮಾದಾಗ ಕಂಡ ಸ್ಪೂಲ್ ಮಷೀನ್ ಯಾವುದಂತ ಹ್ಯಾಂಗ ಗುರುತು ಹಿಡೀಬೇಕು?

ಸ್ಪೂಲ್ ಮಷೀನ್ ಅಂದ್ರ ದೊಡ್ಡ ರೀಲಿನ ಟೇಪ್ ರೆಕಾರ್ಡರ್. ಅದರ ರೀಲ್ ಮ್ಯಾಲ ಬರದಿದ್ದು ಮಷೀನಿನ ಹೆಸರಲ್ರಿ. ನೀವು ಕೇಳಿದ್ದನ್ನೇ ಒಂದ್ ಕಾಲಕ್ಕ ನಾನೂ ಊರೆಲ್ಲ ಕೇಳ್ಕೋತ ತಿರುಗೀನಿ. ನೀವು ಸಿನಿಮಾದಿಂದ ತೆಗೆದು ಹಾಕಿದ ಚಿತ್ರದಾಗ 1976ರ ಕಥಿ, ಡಬ್ಬಿಂಗ್ ಸ್ಟುಡಿಯೋ, ಬೆಳ್ಳಿ ಬಣ್ಣದ ಎರಡು ದೊಡ್ಡ ರೀಲ್, ಅದರ ಮ್ಯಾಲ ‘ಆಂಪೆಕ್ಸ್’ ಅಂತ ಬರದದ. ಅದೇ ಮಾಡೆಲ್ ಕಲಬುರಗಿಗೆ ತರಿಸಿ ಕಿರುಚಿತ್ರದ ಸೀನೂ ತೆಗೀಬೇಕು, ಅದರಾಗೇ ಧ್ವನಿನೂ ಹಿಡೀಬೇಕು ಅಂತೀರಿ. ಎರಡನೇದು ಕೈಬಿಡ್ರಿ. ಮೊದಲು ಆ ಹೆಸರಿನ ಗೊಂದಲ ಬಿಡಿಸ್ತೀನಿ.

ಆಂಪೆಕ್ಸ್ ಕಂಪನಿ ಮಷೀನೂ ಮಾಡ್ತಿತ್ತು, ಖಾಲಿ ಟೇಪೂ ಮಾರ್ತಿತ್ತು. 10.5 ಇಂಚಿನ ಲೋಹದ ರೀಲಿನ ನಡುವಿನ ತೂತು ಒಂದೇ ಅಳತಿ. ಆಂಪೆಕ್ಸ್ ರೀಲ್ ಸ್ಟೂಡರ್ ಕಂಪನಿ ಮಷೀನ್ ಮ್ಯಾಲ ಕೂಡ್ತದ, ಸ್ಕಾಚ್ ಬ್ರಾಂಡಿನ ರೀಲ್ ಆಂಪೆಕ್ಸ್ ಮಷೀನ್ ಮ್ಯಾಲ ಕೂಡ್ತದ. ಅಂದ್ರ ರೀಲ್ ನೋಡಿ ಸ್ಟುಡಿಯೋದವರು ಯಾವ ಕಂಪನಿ ಟೇಪ್ ಖರೀದಿ ಮಾಡಿದ್ರು ಅನ್ನೋದಷ್ಟೇ ಗೊತ್ತಾಗ್ತದ.

ಇದೇನು ಸಣ್ಣ ತಪ್ಪಲ್ಲ, ರೊಕ್ಕ ತಿನ್ನೋ ತಪ್ಪು. ಹೆಸರು ನಂಬಿ ಹುಡುಕಿದವರಿಗೆ ಸಿಗೋದು ಆಂಪೆಕ್ಸ್ 350, 351 ಥರದ ಅಮೆರಿಕದ ಮಷೀನ್. ಅವು 117 ವೋಲ್ಟ್, 60 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ಹರ್ಟ್ಸ್ ಅಂದ್ರ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದ-ಮುಂದ ಆಗ್ತದ ಅನ್ನೋ ಲೆಕ್ಕ. ‘ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಚ್ಚಿದ್ರ ಮುಗೀತು’ ಅಂತ ಮಾರೋವರು ಹೇಳ್ತಾರ. ಮುಗಿಯಂಗಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಸ್ತದ, ಹರ್ಟ್ಸ್ ಬದಲ ಮಾಡಂಗಿಲ್ಲ. ಟೇಪ್ ಎಳಿಯೋ ಕ್ಯಾಪ್‌ಸ್ಟನ್ ಮೋಟರ್ ಸಿಂಕ್ರೊನಸ್, ಅದರ ವೇಗ ಹರ್ಟ್ಸ್ ಮ್ಯಾಲೇ ನಿಂತದ. ನಮ್ಮಲ್ಲಿ 50 ಹರ್ಟ್ಸ್, ಹಂಗಾಗಿ ಸೆಕೆಂಡಿಗೆ 38 ಸೆಂ.ಮೀ. ಓಡಬೇಕಾದ ಟೇಪ್ 32ರ ಒಳಗ ಬರ್ತದ. ಹಳೇ ಟೇಪ್ ಹಾಕಿದ್ರ ಹಾಡು ಹಾರ್ಮೋನಿಯಂ ಮ್ಯಾಲ ಮೂರು ಪಟ್ಟಿ ಕೆಳಗ ಇಳೀತದ. ಇದರಾಗ ಇನ್ನೊಂದು ಮೋಸ ಅದ. ಅದೇ ಮಷೀನ್‌ದಾಗ ರೆಕಾರ್ಡ್ ಮಾಡಿ ಅದರಾಗೇ ಕೇಳಿದ್ರ ಎಲ್ಲಾ ಸರಿ ಅನಸ್ತದ, ಯಾಕಂದ್ರ ಎರಡೂ ಸಲ ಅಷ್ಟೇ ನಿಧಾನ ಓಡಿರ್ತದ. ತಪ್ಪು ಬಯಲಾಗೋದು ಟೇಪ್ ಬ್ಯಾರೆ ಮಷೀನಿಗೆ ಹಾಕಿದಾಗ. ಸರಿಮಾಡಲಿಕ್ಕ 50 ಹರ್ಟ್ಸಿನ ಕ್ಯಾಪ್‌ಸ್ಟನ್ ಬಿಡಿಭಾಗ ಹುಡುಕಬೇಕು, ಇಲ್ಲಾ 60 ಹರ್ಟ್ಸ್ ಕೊಡೋ ಇನ್ವರ್ಟರ್ ಕಟ್ಟಿಸಬೇಕು.

ಹಂಗಿದ್ರ ಹ್ಯಾಂಗ ಗುರುತು ಹಿಡಿಯೋದು? ಕಂಪ್ಯೂಟರಿನ ವಿಎಲ್‌ಸಿ ವಿಡಿಯೋ ಪ್ಲೇಯರ್‌ದಾಗ ಸಿನಿಮಾ ನಿಲ್ಲಿಸಿ, ‘ಇ’ ಕೀಲಿ ಒತ್ತಿ ಒಂದೊಂದೇ ಫ್ರೇಮ್ ಮುಂದ ಹೋಗ್ರಿ. ಮೊದಲು ಚಿತ್ರ ಎಡ-ಬಲ ತಿರುವುಮುರುವು ಆಗ್ಯದೋ ಏನೋ ನೋಡ್ರಿ. ಎಡಿಟಿಂಗ್‌ದಾಗ ಶಾಟ್ ಎಡ-ಬಲ ಮಗುಚೋದು ಸಾಮಾನ್ಯ. ಧ್ವನಿ ಎಷ್ಟು ಜೋರದ ಅಂತ ತೋರಸೋ ವಿಯು ಮೀಟರ್ ಇದ್ರ, ಅದರ ಕೆಂಪು ಪಟ್ಟಿ ಬಲಕ್ಕಿರಬೇಕು. ಎಡಕ್ಕಿದ್ರ ಶಾಟ್ ಮಗುಚಿದ್ದು, ಅದನ್ನ ಹಂಗೇ ಇಟ್ಟು ಯಾವ ಫೋಟೋಕ್ಕೂ ಹೋಲಿಸಬ್ಯಾಡ್ರಿ.

ಆಮ್ಯಾಲ ಮೀಟರಿನ ಮುಖ. ನನ್ನ ಪ್ರಕಾರ ಅಲ್ಲಿರೋ ಎಲ್ಲಾ ಸಾಮಾನಿಗಿಂತ ಇದೇ ಖರೆ ಸಾಕ್ಷಿ. ಕೆನೆ ಬಣ್ಣ, −20ರಿಂದ +3ರ ತನಕ ಅಂಕಿ, ಸೊನ್ನಿ ದಾಟಿದ ಮ್ಯಾಲ ಕೆಂಪು ಇದ್ರ ಅದು ವಿಯು, 1939ರಾಗ ಅಮೆರಿಕದಾಗ ಶುರುವಾಗಿದ್ದು. ಕರಿ ಮುಖ, ಬಿಳಿ ಸೂಜಿ, ಬರೇ 1ರಿಂದ 7ರ ಅಂಕಿ ಇದ್ರ ಅದು ಪಿಪಿಎಂ ಅನ್ನೋ ಇನ್ನೊಂದು ಥರದ ಮೀಟರ್, ಬಿಬಿಸಿ ಪದ್ಧತಿ. ಸೂಜಿ ಬದಲು ಬೆಳಕಿನ ಗೆರಿ, −50ರಿಂದ +5 ಅಂಕಿ ಇದ್ರ ಜರ್ಮನಿ ಕಡೀದು. ನೀವು ಹಾಕಿದ ಚಿತ್ರದಾಗ ಮುಂದಿರೋ ಧ್ವನಿ ಕೂಡಿಸೋ ಮಿಕ್ಸರ್ ಮ್ಯಾಲ 1ರಿಂದ 7 ಸ್ಪಷ್ಟ ಕಾಣ್ತದ. ಅಂದ್ರ ಸಾಮಾನು ಒಟ್ಟು ಮಾಡಿದ್ದು ಇಂಗ್ಲೆಂಡ್‌ದಾಗ, ಸಿನಿಮಾದ ಕಥಿ ಎಲ್ಲೇ ನಡೀಲಿ.

ಇನ್ನ ಅಳತಿ. ರೀಲಿನ ಅಡ್ಡಗಲ 26.7 ಸೆಂ.ಮೀ. ಅಂತ ಗೊತ್ತೇ ಅದ, ಅದನ್ನೇ ಸ್ಕೇಲ್ ಮಾಡ್ಕೋರಿ. ಕ್ಯಾಮೆರಾ ಓರೆ ಇದ್ರ ರೀಲ್ ಮೊಟ್ಟಿಯಾಕಾರ ಕಾಣ್ತದ, ಆವಾಗ ಉದ್ದನ ಅಡ್ಡಗೆರಿ ಹಿಡೀರಿ. ನಿಮ್ಮ ಚಿತ್ರದಾಗ ಮಷೀನಿನ ಅಗಲ ರೀಲಿನ ಒಂದೂವರಿ ಪಟ್ಟು ಬರ್ತದ, ಸುಮಾರು 40 ಸೆಂ.ಮೀ. ರೀಲ್ ಎರಡೂ ಕಡೆ ಪೆಟ್ಟಿಗಿಂತ ಹೊರಗ ಚಾಚ್ಯಾವ. ಸ್ಟುಡಿಯೋಕ್ಕಂತಲೇ ಮಾಡಿದ ದೊಡ್ಡ ಮಷೀನ್‌ದಾಗ ಸಾಮಾನ್ಯವಾಗಿ ಇಷ್ಟು ಚಾಚಂಗಿಲ್ಲ. ಇದು ರೆವಾಕ್ಸ್ ಎ77, 1967ರಾಗ ಬಂದಿದ್ದು. ನಿಮ್ಮ ಗೆಳೆಯರು ‘ಸ್ಟೂಡರ್’ ಅಂದಿದ್ದು ಅರ್ಧ ಖರೆ, ರೆವಾಕ್ಸ್ ವಿಲ್ಲಿ ಸ್ಟೂಡರ್ ಅವರದೇ ಸ್ವಿಸ್ ಕಂಪನಿಯ ಮನಿಬಳಕಿ ಬ್ರಾಂಡ್. ಅಣ್ಣತಮ್ಮನಂಗ ಕಾಣೋ ಬಿ77 ಬಂದಿದ್ದು 1977ಕ್ಕ. 1976ರ ಕಥ್ಯಾಗ ಅದು ಕಂಡ್ರ ಕಲಾ ನಿರ್ದೇಶಕರ ತಪ್ಪು ಹಿಡಿದಂಗ.

ವೇಗನೂ ಎಣಿಸಿ ನೋಡ್ರಿ. ತುಂಬಿದ ದೊಡ್ಡ ರೀಲ್ ಒಂದು ಸುತ್ತು ಹಾಕಲಿಕ್ಕ 19 ಸೆಂ.ಮೀ. ವೇಗದಾಗ ನಾಕು ಸೆಕೆಂಡ್ ಮ್ಯಾಲ ಬೇಕು, 38ರಾಗ ಎರಡರ ಮ್ಯಾಲ ಒಂಚೂರು. ನಿಮ್ಮ ಸೀನಿನಾಗ ಸೆಕೆಂಡಿಗೆ ಎರಡು ಸುತ್ತು ಹೊಂಟದ, ಅಂದ್ರ ಫಾಸ್ಟ್ ಫಾರ್ವರ್ಡ್ ಹಚ್ಚಿ ಶೂಟ್ ಮಾಡ್ಯಾರ. ನಿಜವಾದ ವೇಗ ಪರದಿ ಮ್ಯಾಲ ಸಪ್ಪಗ ಕಾಣ್ತದ. ಹೀರೋಯಿನ್ ಚೀರಿದ್ರೂ ಮೀಟರ್ ಸೂಜಿ ಅಲ್ಲೇ ಮಲಗ್ಯದ, ನೋಡೀರಿಲ್ಲ? ಆ ಮಷೀನಿಗೂ ನೀವು ಕೇಳೋ ಧ್ವನಿಗೂ ಸಂಬಂಧ ಇಲ್ಲ.

ಮೈಕ್ ಬಗ್ಗೆ ಒಂದೇ ಮಾತು. ನಾಯ್‌ಮನ್ ಕಂಪನಿಯ ಯು67, ಯು87 ಮೈಕ್ ತಲಿ ನೋಡಿ ಬೇರ್ಪಡಿಸಲಿಕ್ಕ ಆಗಂಗಿಲ್ಲ, ಕೆಳಗ ನೋಡ್ರಿ. ದಪ್ಪ ಕೇಬಲ್ ಹೋಗಿ ಬ್ಯಾರೆ ಪವರ್ ಡಬ್ಬಿಗೆ ಸೇರಿದ್ರ ವಾಲ್ವಿನ 67. ಸಾದಾ ಮೂರು ಪಿನ್ನಿನ ಕೇಬಲ್ ಇದ್ರ 87.

ಸೀನಿಗೆ ಸತ್ತ ಮಷೀನ್ ಸಾಕು. ಹೈದರಾಬಾದಿನ ಜುಮೆರಾತ್ ಬಜಾರಿಗೆ ಗುರುವಾರ ಹೋಗ್ರಿ, ಯಾವ ಕಂಪನಿದಾದ್ರೂ ಸ್ಪೂಲ್ ಡೆಕ್ ಸಿಕ್ರ ತೊಗೊಳ್ರಿ. ರೀಲ್ ತಿರುಗಸಲಿಕ್ಕ ಹಿಂದಿಂದ ಸಣ್ಣ ಗೇರ್ ಮೋಟರ್ ಹಚ್ರಿ, ಮೀಟರಿನಾಗ ಹಳದಿ ಎಲ್‌ಇಡಿ ಹಾಕ್ರಿ. ಧ್ವನಿ ಡಿಜಿಟಲ್ ರೆಕಾರ್ಡರಿನಾಗ ಹಿಡೀರಿ. ಟೇಪಿನಾಗೇ ಹಿಡೀತೀನಿ ಅಂದ್ರ 762 ಮೀಟರಿನ ಒಂದು ರೀಲ್ 38ರ ವೇಗದಾಗ 33 ನಿಮಿಷಕ್ಕ ಖಾಲಿ. ಹಳೇ ಆಂಪೆಕ್ಸ್ 456 ಟೇಪ್ ಸಿಕ್ರಂತೂ ಮುಟ್ಟಬ್ಯಾಡ್ರಿ, ಅದರ ಅಂಟು ತೇವ ಹೀರಿ, ಟೇಪ್ ಓದೋ ಹೆಡ್ಡಿಗೆ ಮೆತ್ಕೋತದ.

ಇಷ್ಟೆಲ್ಲಾ ಹೇಳಿದ್ರೂ ಎ77 ಬೇಕೇ ಬೇಕು ಅಂದ್ರ ತೊಗೊಳ್ರಿ. ಅದರ ಕ್ಯಾಪ್‌ಸ್ಟನ್ ಮೋಟರ್ ಸರ್ವೋ, ಅಂದ್ರ ತನ್ನ ವೇಗ ತಾನೇ ಸರಿ ಇಟ್ಕೊಳ್ಳೋದು, ಇದ್ದದ್ದಕ್ಕ 50-60 ಹರ್ಟ್ಸಿನ ತಕರಾರಿಲ್ಲ, ವೋಲ್ಟೇಜ್ ಸೆಲೆಕ್ಟರ್ 240ಕ್ಕ ತಿರುವಿದ್ರ ಆಯ್ತು. ಆದ್ರ ತಂದ ಕೂಡ್ಲೇ ಪ್ಲಗ್ ಹಾಕಬ್ಯಾಡ್ರಿ. ಒಳಗ ಜೇನು ಬಣ್ಣದ, ಪಾರದರ್ಶಕ ಮೈಯ ರಿಫಾ ಬ್ರಾಂಡಿನ ಕೆಪಾಸಿಟರ್ ಇರ್ತಾವ. ವರ್ಷ ಕಳದಂಗ ಮೈ ಬಿರುಕು ಬಿಟ್ಟು ತೇವ ಹೀರಿರ್ತಾವ, ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೇ ಪಟ್ ಅಂತ ಒಡದು ಕೋಣಿ ತುಂಬಾ ಹೊಗಿ ಮಾಡ್ತಾವ. ಅಷ್ಟೇ ಮೈಕ್ರೋಫ್ಯಾರಡಿನ ಎಕ್ಸ್2 ದರ್ಜೆ (ಮೇನ್ಸ್ ಕರೆಂಟಿಗಂತ ಮಾಡಿದ) ಕೆಪಾಸಿಟರ್ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಾಗ ಸಿಗ್ತಾವ. ಬದಲಿಸಿದ ಮ್ಯಾಲೂ ಮೊದಲ ಸಲ ಸೀರೀಸ್ ಬೋರ್ಡಿಗೇ ಹಚ್ರಿ, ಅಂದ್ರ 100 ವ್ಯಾಟಿನ ಹಳೇ ತಂತಿ ಬಲ್ಬ್ ದಾಟಿ ಮಷೀನಿಗೆ ಕರೆಂಟ್ ಹೋಗೋ ಬೋರ್ಡು. ಬಲ್ಬ್ ಪೂರ್ತಿ ಉರಿದು ಹಂಗೇ ನಿಂತ್ರ ಒಳಗ ಶಾರ್ಟ್ ಅದ, ಪ್ಲಗ್ ಕಿತ್ತು ಮೆಕ್ಯಾನಿಕ್ ಕಡೆ ಒಯ್ರಿ.