ವೃಷಭಾವತಿ ಹೊಳೆಯೋ, ಮೋರಿಯೋ?

ಪ್ರಶ್ನೆ: ನಾವು ಕೆಂಗೇರಿ ಉಪನಗರದಲ್ಲಿದ್ದೇವೆ. ಮೈಸೂರು ರಸ್ತೆ ಪಕ್ಕದ ದೊಡ್ಡ ಮೋರಿಯನ್ನು ಹಿರಿಯರು ‘ವೃಷಭಾವತಿ ಹೊಳೆ’ ಅನ್ನುತ್ತಾರೆ. ಅದು ನಿಜಕ್ಕೂ ಹೊಳೆಯಾ? ಮಲ್ಲೇಶ್ವರದ ರಸ್ತೆಗಳು ಗೆರೆ ಎಳೆದ ಹಾಗಿವೆ, ನಮ್ಮ ಕಡೆ ಯಾಕೆ ಹಾಗಿಲ್ಲ? ಇಲ್ಲೇ ಹತ್ತಿರ ಒಂದು ಸೈಟು ನೋಡಿದ್ದೇವೆ. ತಗೋಬಹುದಾ?

ಉತ್ತರ: ಹಿರಿಯರು ಹೇಳೋದು ಸರಿ, ಅದು ಹೊಳೆಯೇ. ಎಲ್ಲಿ ಹುಟ್ಟುತ್ತದೆ ಅನ್ನೋದರಲ್ಲಿ ಮಾತ್ರ ಬಸವನಗುಡಿಯವರಿಗೂ ಮಲ್ಲೇಶ್ವರದವರಿಗೂ ಸಣ್ಣ ಜಗಳ ಇದೆ. ದೊಡ್ಡ ಬಸವಣ್ಣನ ಪಾದದ ಬಳಿ ಅಂತ ಇವರು, ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ ಅಂತ ಅವರು. ಎರಡೂ ಕಡೆಯ ನೀರು ಇಳಿಯೋದು ಈ ಕಣಿವೆಗೇ, ಹಾಗಾಗಿ ನಾನು ಯಾರ ಪಕ್ಷವನ್ನೂ ವಹಿಸಲ್ಲ! ಮುಂದೆ ಅದು ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲ ಕೆರೆ ದಾಟಿ ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತದೆ.

ಹಳೇ ಬೆಂಗಳೂರಿನವರು ಮನೆ ಕಟ್ಟುತ್ತಿದ್ದದ್ದು ದಿಣ್ಣೆಯ ಮೇಲೆ. ತಗ್ಗು ಇದ್ದದ್ದು ಕೆರೆಗೆ, ಗದ್ದೆಗೆ, ತೋಟಕ್ಕೆ. ಧರ್ಮಾಂಬುಧಿ ಮತ್ತು ಕೆಂಪಾಂಬುಧಿ ಕೆರೆ ತುಂಬಿ ಕೋಡಿ ಬಿದ್ದರೆ ನೀರು ವೃಷಭಾವತಿಗೆ ಹರಿಯುತ್ತಿತ್ತು. ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಕೆಂಪಾಂಬುಧಿ ಹೇಗೋ ಉಳಿದುಕೊಂಡಿದೆ.

ಮಲ್ಲೇಶ್ವರ, ಬಸವನಗುಡಿ ಬೆಳೆದದ್ದಕ್ಕೆ ಮುಖ್ಯ ಕಾರಣ ಪ್ಲೇಗ್. 1898ರಲ್ಲಿ ಅದು ಬೆಂಗಳೂರಿಗೆ ಬಂತು. ಪೇಟೆಯ ಗಾಳಿಬೆಳಕಿಲ್ಲದ ಮನೆಗಳೇ ರೋಗಕ್ಕೆ ಮೂಲ ಅಂತ ಮೈಸೂರು ಸರ್ಕಾರಕ್ಕೆ ಅನ್ನಿಸಿತು. ಅದಕ್ಕೇ ಅಗಲ ರಸ್ತೆ, ಮನೆಗಳ ಹಿಂದೆ ಕಸ, ಮಲ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ, ದೇವಸ್ಥಾನಕ್ಕೆ, ಪಾರ್ಕಿಗೆ ಅಂತ ಬಿಟ್ಟ ಜಾಗ. ಇದಕ್ಕೆ ಸ್ವಲ್ಪ ಮುಂಚೆ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರೂ ಬಂದಿತ್ತು. ಕೆರೆ ಬಾವಿ ಹತ್ತಿರವೇ ಇರಬೇಕು ಅನ್ನುವ ಕಟ್ಟು ಆಗ ಸಡಿಲವಾಯಿತು. ಇಡೀ ಬಡಾವಣೆಗೆ ಒಂದೇ ನಕ್ಷೆ, ಒಂದೇ ಸರ್ಕಾರ. ಗೆರೆ ನೇರವಾಗದೆ ಇನ್ನೇನಾದೀತು?

ನಿಮ್ಮ ಕಡೆಯ ಕಥೆ ಬೇರೆ. 1945ರಲ್ಲಿ ನಗರಾಭಿವೃದ್ಧಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ (ಸಿಐಟಿಬಿ) ಶುರುವಾಯಿತು, 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಆದರೆ ಬೆಂಗಳೂರಿಗೆ ಬರುವ ಜನ ಇವರ ಸೈಟುಗಳಿಗಿಂತ ಜಾಸ್ತಿ. ಅದಕ್ಕೇ ಕಾರ್ಖಾನೆ ನೌಕರರು ತಮ್ಮದೇ ಗೃಹನಿರ್ಮಾಣ ಸಂಘ ಮಾಡಿಕೊಂಡು ಜಮೀನು ಕೊಂಡರು. ಬಿಇಎಂಎಲ್ ಅನ್ನೋದು ದೊಡ್ಡ ಯಂತ್ರ ತಯಾರಿಸುವ ಕಾರ್ಖಾನೆ; ರಾಜರಾಜೇಶ್ವರಿನಗರದ ಬಿಇಎಂಎಲ್ ಲೇಔಟ್ ಹೆಸರೇ ಅದನ್ನು ಹೇಳುತ್ತದೆ. ಇವುಗಳ ನಡುವೆ ಹಳೇ ಹಳ್ಳಿಗಳು ಹಾಗೇ ಉಳಿದವು. ಮಂಜೂರಾತಿ ಇಲ್ಲದೆ ಹೊಲ ಸೀಳಿ ಮಾರಿದ ರೆವಿನ್ಯೂ ಸೈಟುಗಳೂ ಸೇರಿಕೊಂಡವು. ಒಂದು ಲೇಔಟಿನ ರಸ್ತೆ ಇನ್ನೊಂದರ ಕಾಂಪೌಂಡಿಗೆ ಬಂದು ನಿಲ್ಲೋದು ಅದಕ್ಕೇ. 2007ರಲ್ಲಿ ಈ ಭಾಗ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿಗೆ ಸೇರುವ ಹೊತ್ತಿಗೆ ಮನೆಗಳು ಎದ್ದಾಗಿತ್ತು. 2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂದ ಮೇಲೆ ಸೈಟಿನ ರೇಟು ಎಲ್ಲಿಗೆ ಹೋಯಿತು ಅಂತ ನಿಮಗೇ ಗೊತ್ತು.

ಹೊಳೆ ಮೋರಿಯಾದದ್ದೂ ಇದೇ ಗಡಿಬಿಡಿಯಲ್ಲಿ. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಅದು. ಬಳಸಿ ಬಿಟ್ಟ ನೀರು ಎಲ್ಲಿಗಾದರೂ ಹೋಗಬೇಕಲ್ವಾ? ಊರಿನ ಪಶ್ಚಿಮ ಭಾಗದ್ದೆಲ್ಲ ಈ ಕಣಿವೆಗೇ ಇಳಿಯುತ್ತದೆ. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಸೊರಗುತ್ತಿದ್ದ ಹೊಳೆ ಈಗ ವರ್ಷವಿಡೀ ಹರಿಯುತ್ತದೆ. ಸಂಸ್ಕರಣಾ ಘಟಕಗಳಿವೆ, ಆದರೆ ಅಲ್ಲಿಗೆ ಮುಟ್ಟದೆ ನೇರ ಹೊಳೆಗೆ ಬೀಳುವುದೂ ಉಂಟು. ತಮಾಷೆ ನೋಡಿ, ಈ ಹೊಳೆ ಸೇರುವ ಅರ್ಕಾವತಿ ಮುಂದೆ ‘ಸಂಗಮ’ ಅನ್ನುವ ಜಾಗದಲ್ಲಿ ಕಾವೇರಿಯನ್ನೇ ಸೇರುತ್ತದೆ. ನಿಮ್ಮ ಕೊಳಾಯಿಗೆ ಬಂದ ನೀರು ಬಣ್ಣ ಬದಲಾಯಿಸಿಕೊಂಡು ತವರಿಗೇ ವಾಪಸ್ ಹೋಗುತ್ತಿದೆ.

ಇನ್ನು ಸೈಟಿನ ವಿಚಾರ. ಬ್ರೋಕರ್ ತೋರಿಸುವ ಲೇಔಟ್ ನಕ್ಷೆ ಒಂದನ್ನೇ ನಂಬಬೇಡಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ಹಳ್ಳ, ಕೆರೆ, ಬಂಡಿದಾರಿ ಎಲ್ಲ ಇರುತ್ತವೆ. ನಿಮ್ಮ ಸೈಟಿನ ಸರ್ವೆ ನಂಬರಿನಲ್ಲಿ ‘ಬಿ ಖರಾಬು’ ಅಂತಿದ್ದರೆ ಅದು ಹಳ್ಳ, ದಾರಿ ಇಂಥ ಸಾರ್ವಜನಿಕ ಜಾಗ. ಅಷ್ಟು ಭಾಗವನ್ನು ಯಾರೂ ನಿಮಗೆ ಮಾರುವಂತಿಲ್ಲ. ರಾಜಕಾಲುವೆಯಿಂದ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಯಿಂದ, ಎಷ್ಟು ದೂರ ಬಿಡಬೇಕು ಅನ್ನೋದನ್ನು ಬಿಡಿಎ ಮಾಸ್ಟರ್ ಪ್ಲಾನಿನಲ್ಲಿ ನೋಡಿ. ಕೊನೆಗೆ ಜೋರು ಮಳೆ ಬಂದ ಸಂಜೆ ಕೊಡೆ ಹಿಡಿದು ಅಲ್ಲಿ ಅರ್ಧ ಗಂಟೆ ನಿಲ್ಲಿ. ಎದುರು ಮನೆಯವರು ಬಾಗಿಲಿಗೆ ಮರಳು ಮೂಟೆ ಅಡ್ಡ ಇಟ್ಟಿದ್ದರೆ ಮುಂಗಡ ಕೊಡಬೇಡಿ.