ಬ್ಯಾಸಗಿ ಸೂಟಿಗೆ ಸೇಂಟ್ ಮೇರೀಸ್ ದ್ವೀಪಕ್ಕ ಹೋಗಬಹುದಾ? ಹೋಗ್ರಿ, ಆದ್ರ ಆ ತಾರೀಕಿಗೆ ಬ್ಯಾಡ

ನೀವು ಕೇಳಿದ್ದು ಏನಂದ್ರ, ಮೇ ಕೊನೀ ವಾರ ವಿಜಯಪುರದಿಂದ ಹೆಂಡ್ತಿ ಮಕ್ಕಳು, ವಯಸ್ಸಾದ ಅಪ್ಪ-ಅವ್ವನ್ನ ಕರ್ಕೊಂಡು ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪಕ್ಕ ಹೋಗಿ ಎರಡು ದಿನ ಬೀಚ್‌ನಾಗ ಆರಾಮ ಇದ್ದು ಬರ್ಬೇಕಂತೀವಿ, ಅಲ್ಲೇ ರೂಮ್ ಸಿಗ್ತಾವೇನು, ಮಕ್ಕಳು ಈಜಬಹುದೇನು, ಹಿರ್ಯಾರಿಗೆ ಆಗ್ತೈತೇನು ಅಂತ. ನಾ ಬಾಗಲಕೋಟಿಯಾಂವರಿ. ಎರಡು ಸಲ ಹೋಗೀನಿ, ಮೊದಲ್ನೇ ಸಲ ದ್ವೀಪ ಮುಟ್ಟಲೇ ಇಲ್ಲ. ಅದನ್ನ ಮೊದಲ ಹೇಳ್ತೀನಿ, ಯಾಕಂದ್ರ ನಿಮ್ಮ ತಾರೀಕು ನೋಡಿದ್ರ ನಮಗ ಆಗಿದ್ದ ನಿಮಗೂ ಆಗೂದೈತಿ.

ಆ ವರ್ಷ ಮನ್ಯಾಗ ಎರಡು ಲಗ್ನ ಇದ್ವು, ಅವು ಮುಗಿಸಿ ಹೊರಡೂದ್ರಾಗ ಮೇ ಇಪ್ಪತ್ತು ದಾಟಿತ್ತು. ರಾತ್ರಿ ಊಟ ಮಾಡಿ ಗಾಡಿ ಹತ್ತಿದ್ವಿ, ನರಗುಂದ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳದು ಅಂಕೋಲಾ, ಅಲ್ಲಿಂದ ಸಮುದ್ರದ ಬಾಜೂಕ ಕುಮಟಾ, ಭಟ್ಕಳ, ಕುಂದಾಪುರ, ಹುಡುಗರು ಮರವಂತೆಯೊಳಗ ಒಂದು ಕಡೆ ನದಿ ಒಂದು ಕಡೆ ಸಮುದ್ರ ನೋಡಿ ಕಿರಚಾಡಿದ್ದೇನು, ನಾನೂರು ಕಿಲೋಮೀಟರ್ ಬಡಕೊಂಡು ಮಲ್ಪೆ ಜೆಟ್ಟಿಗೆ ಹೋಗಿ ನಿಂತ್ರ ಟಿಕೆಟ್ ಕೌಂಟರ್ ಬಾಗಲಾ ಹಾಕೇತಿ. ಅಲ್ಲೇ ಬಲಿ ಹೊಲಕೋಂತ ಕುಂತಿದ್ದ ಒಬ್ಬರು ತಲಿ ಎತ್ತದನ "ಇನ್ನು ಮಳೆಗಾಲ ಕಳ್ದು ಬನ್ನಿ ಮಾರಾಯ್ರೇ" ಅಂದ್ರು. ದ್ವೀಪ ಕಣ್ಣಿಗೆ ಕಾಣ್ತೈತಿ, ದಂಡಿಯಿಂದ ಬರೇ ಐದಾರು ಕಿಲೋಮೀಟರ್, ಹೋಗಾಕ ಬರಂಗಿಲ್ಲ. ಮಳಿ ಇನ್ನೂ ಬಂದಿರಲಿಲ್ರಿ, ಬಿಸಲು ಚುರುಚುರು ಅಂತಿತ್ತು, ಆದ್ರ ಸಮುದ್ರ ನಮ್ಮ ಆಕಾಶದ ಲೆಕ್ಕದಾಗ ಇರಂಗಿಲ್ಲ, ಮುಂಗಾರಿನ ಗಾಳಿ ದೂರದಾಗ ಎದ್ರ ಸಾಕು ಇಲ್ಲಿ ತೆರಿ ದೊಡ್ಡವು ಆಗ್ತಾವು. ಅದಕ್ಕ ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ತನಕ ದ್ವೀಪದ ಬೋಟ್ ಬಂದ್. ಮೀನು ಹಿಡಿಯೋ ದೊಡ್ಡ ಬೋಟುಗಳೂ ಜೂನ್ 1ರಿಂದ ಜುಲೈ 31ರ ತನಕ ದಡದಾಗ ಕಟ್ಟಿರ್ತಾವು.

ಹಂಗಾಗಿ ನನ್ನ ಮಾತು ಇಷ್ಟ. ಏಪ್ರಿಲ್ 10ಕ್ಕ ಹುಡುಗರ ರಿಸಲ್ಟ್ ಆಗ್ತೈತಲ್ಲ, ಅದರ ಮರುವಾರ ಹೊರಡ್ರಿ. ಲಗ್ನ ಗಿಗ್ನ ಇದ್ರ ಆಮ್ಯಾಲೆ ನೋಡ್ಕೊರಿ.

ಮುಂದಿನ ವರ್ಷ ನಾವು ಹಂಗ ಮಾಡಿದ್ವಿ. ಈ ಸಲ ನಮ್ಮವ್ವ, ಆಮ್ಯಾಲೆ ಇಳಕಲ್‌ನ ನಮ್ಮ ಕಾಕಾ ಸೈತ ಬಂದ್ರು. ಕಾಕಾ ಆಯುಷ್ಯಪೂರ್ತಿ ಗ್ರಾನೈಟ್ ಕ್ವಾರಿಯೊಳಗ ದುಡದಾಂವ. ಇಬ್ಬರೂ ಸಮುದ್ರ ಕಂಡವರಲ್ಲ. ನಾವು ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿಯೊಳಗಿನ ಮನಿ ಬಿಟ್ಟು ನವನಗರಕ್ಕ ಬಂದ ಮಂದಿ, ಅವ್ವಗ ದೊಡ್ಡ ನೀರು ಅಂದ್ರ ಅದ. ಮಲ್ಪೆ ದಂಡಿಗೆ ನಿಂತು ಬಾಳ ಹೊತ್ತು ನೋಡಿ "ಇದರಾಗ ಯಾವ್ ಯಾವ್ ಊರು ಮುಳುಗ್ಯಾವೋ" ಅಂತ ಕೇಳಿದ್ಲು. ನಮ್ಮ ಹುಡುಗರು ನಕ್ರು, ನನಗ ನಗಿ ಬರಲಿಲ್ಲ.

ಬೋಟ್ ವಿಷಯ. ಮುಂಜಾನಿ ಮೊದಲ್ನೇ ಬೋಟ್ ಹಿಡೀರಿ, ಹತ್ತರ ಮ್ಯಾಲೆ ಹೋದ್ರ ಬಿಸಲಿಗೆ ಬಂಡಿಗಲ್ಲು ಕಾದು ಹಂಚಾಗಿರ್ತೈತಿ. ಮಂದಿ ತುಂಬೂತನಕ ಬೋಟ್ ಬಿಡಂಗಿಲ್ಲ, ಅದಕ್ಕ ಅವಸರ ಮಾಡಿ ಉಪಯೋಗಿಲ್ಲ. ಹೋಗಾಕ ಅರ್ಧ ತಾಸು ಹಿಡೀತೈತಿ. ನಾವು ಹೋದಾಗ ದ್ವೀಪದ ಹತ್ರ ದೊಡ್ಡ ಬೋಟಿನಿಂದ ಸಣ್ಣದಕ್ಕ ಹತ್ತಿಸಿದ್ರು, ಎರಡೂ ಅಳ್ಳಾಡ್ತಿರ್ತಾವು, ಅಲ್ಲೇ ಹಿರ್ಯಾರಿಗೆ ತ್ರಾಸ. ನಮ್ಮವ್ವ ಇಳಕಲ್ ಸೀರಿ ಕಚ್ಚಿ ಹಾಕಿ ನನ್ನ ಹೆಗಲು ಹಿಡದು ಇಳದ್ಲು, ಆದ್ರ ಮೊಣಕಾಲು ನೋವು ಜೋರ ಇದ್ದವರನ್ನ ಒತ್ತಾಯ ಮಾಡಬ್ಯಾಡ್ರಿ, ಅವರು ಮಲ್ಪೆ ಬೀಚ್‌ನಾಗ ನೆರಳಿಗೆ ಕುಂತ್ರೂ ನಡೀತೈತಿ. ಪ್ಲಾಸ್ಟಿಕ್ ಅಂತೂ ಒಯ್ಯಬ್ಯಾಡ್ರಿ, ನಮ್ಮ ಚೀಲ ಬಿಚ್ಚಿ ನೋಡಿದ್ರು, ಸ್ಟೀಲ್ ಬಾಟ್ಲಿಯೊಳಗ ನೀರು ತುಂಬ್ಕೊಂಡು ಹೋಗ್ರಿ.

ರೂಮ್ ಕೇಳಿದ್ರಿ. ಇಲ್ರಿ. ರಾತ್ರಿ ದ್ವೀಪದ ಮ್ಯಾಲೆ ಯಾರನ್ನೂ ಬಿಡಂಗಿಲ್ಲ, ಒಂದೆರಡು ತಾಸು ಅಡ್ಡಾಡಿ ಹೊಳ್ಳಿ ಬರೂದ. ಉಳಿಯೂದು ಮಲ್ಪೆ ಇಲ್ಲಾ ಉಡುಪಿಯೊಳಗ. ನಾವು ಬೀಚ್ ಹತ್ರ ಒಂದು ಲಾಡ್ಜ್‌ನಾಗ ಇಳದಿದ್ವಿ, ಫೋನ್‌ನಾಗ ಏಸಿ ಅಂದಾಂವ ಅಲ್ಲಿ ಹೋದ ಮ್ಯಾಲೆ ಫ್ಯಾನ್ ತೋರ್ಸಿದ, ಅದಕ್ಕ ಉಡುಪಿಯೊಳಗ ರೂಮ್ ನೋಡೇ ಅಡ್ವಾನ್ಸ್ ಕೊಡ್ರಿ. ಏಸಿ ಯಾಕ ಬೇಕಂದ್ರ, ಕರಾವಳಿ ತಂಪು ಅನ್ನೂದು ನಮ್ಮ ಕಡೆಯವರ ದೊಡ್ಡ ಭ್ರಮಾ. ನಮ್ಮಲ್ಲಿ ನಲವತ್ತು ಡಿಗ್ರಿ ಇದ್ರೂ ಗಾಳಿ ಒಣಾ, ಬೆವರು ಆರ್ತೈತಿ, ಬೇವಿನ ಗಿಡದ ನೆರಳಿಗೆ ಕುಂತ್ರ ಜೀವ ಹಗರ ಆಗ್ತೈತಿ. ಅಲ್ಲಿ ಮೂವತ್ತನಾಲ್ಕು ಇದ್ರೂ ಗಾಳಿ ತುಂಬ ನೀರಿನ ಪಸಿ, ಬೆವರು ಮೈ ಬಿಟ್ಟು ಹೋಗಂಗಿಲ್ಲ, ನೆರಳಾಗ ಕುಂತ್ರೂ ಅಂಗಿ ಹಿಂಡೂವಂಗ ಆಗ್ತೈತಿ.

ಈಜು? ದ್ವೀಪದಾಗ ಬ್ಯಾಡ. ಅಲ್ಲಿ ನೀವು ಅನಕೊಂಡಂಥ ಉಸುಕಿನ ಬೀಚೂ ಇಲ್ಲ, ಇರೂದು ಚಿಪ್ಪಿನ ದಂಡಿ, ಕಾಲಿಟ್ರ ಚುರುಮುರಿ ತುಳದಂಗ ಸಪ್ಪಳ. ಕಲ್ಲಿನ ಮ್ಯಾಲೆ ಪಾಚಿ ಜಾರ್ತೈತಿ, ಸಂದಿಯೊಳಗ ತೆರಿ ಒಮ್ಮಿಗಲೆ ಎಳದು ಒಯ್ತೈತಿ, ಸೆಲ್ಫಿ ತಗೊಳ್ಳಾಕ ಹೋಗಿ ಜೀವ ಕಳಕೊಂಡವರು ಅದಾರ. ನೀರಾಟ ಎಲ್ಲಾ ಮಲ್ಪೆಯೊಳಗ ಮಾಡ್ರಿ, ಅದೂ ಲೈಫ್‌ಗಾರ್ಡ್ ಕಣ್ಣಿಗೆ ಕಾಣೂವಷ್ಟು ಹತ್ರ.

ಹಂಗಾದ್ರ ಯಾಕ ಹೋಗ್ಬೇಕು ಅಂತೀರಿ. ಕಲ್ಲಿಗೆ ಹೋಗ್ರಿ. ತೆಂಗಿನ ತೋಪು ದಾಟಿ ಪಶ್ಚಿಮದ ದಂಡಿಗೆ ಬಂದ್ರ ಯಾರೋ ಸಾಲಾಗಿ ಕಂಬ ಕಡದು ನೆಟ್ಟಂಗ ಕಾಣ್ತೈತಿ, ಐದು ಬಗಲಿಂದು, ಆರು ಬಗಲಿಂದು, ಒಂದಕ್ಕೊಂದು ಅಂಟ್ಕೊಂಡು ನಿಂತಾವು. ನಮ್ಮ ಕಾಕಾ ಅಲ್ಲಿತನಕ ಬಿಸಲು, ಹಸಿವು ಅಂತ ಗೊಣಗ್ತಿದ್ದಾಂವ ಸುಮ್ಮನಾದ. ಹತ್ರ ಹೋಗಿ ಕಂಬದ ಮೂಲಿಗೆ ಬಟ್ಟು ಆಡಿಸಿ, ಕುಂತು ಬುಡ ನೋಡಿ, ಮತ್ತ ಇನ್ನೊಂದಕ್ಕ ಹೋಗಿ, ಕಡೀಕ ನನ್ನ ಕರದು "ಉಳಿ ಗುರ್ತು ಎಲ್ಲೈತೋ ತಮ್ಮಾ?" ಅಂದ. ಐಹೊಳೆ, ಪಟ್ಟದಕಲ್ಲು ನೋಡಿ ಬೆಳದ ಮಂದಿಗೆ ಕಂಬ ಕಂಡ್ರ ಕಡದಾಂವನ್ನ ಹುಡುಕೂದ ರೂಢಿ ನೋಡ್ರಿ.

ಕಡದಾಂವ ಯಾರೂ ಇಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದ ಮಡಗಾಸ್ಕರ್ ನಮ್ಮ ನೆಲಕ್ಕ ಹತ್ಕೊಂಡಿತ್ತು, ಅದು ಹರಕೊಂಡು ದೂರ ಸರಿಯೂ ಹೊತ್ತಿನಾಗ ಭೂಮಿಯೊಳಗಿಂದ ಲಾವಾ ಉಕ್ಕಿ ಬಂತು, ಆರಕೋಂತ ಹೋದಂಗ ಕುಗ್ಗಿ ಬಿರೀತು. ನಾ ಕಾಕಾಗ ಹೇಳಿದ್ದು ಹಿಂಗ: ನಮ್ಮ ಎರಿ ಹೊಲ ಬ್ಯಾಸಗಿಗೆ ಬಾಯಿ ಬಿಡ್ತೈತಲ್ಲ, ಹೆಂಟಿ ಹೆಂಟಿ ಆಗಿ ಬಗಲು ಬಗಲಾಗಿ ಸೀಳ್ತೈತಲ್ಲ, ಹಂಗ ಕಲ್ಲಿನ ಬಿರಕು ಇದು, ಮ್ಯಾಲಿಂದ ಕೆಳಗ ಇಳದದ್ದಕ್ಕ ಕಂಬ ಆಗೇತಿ. ಅದು ತಲಿಗೆ ಹೋತು. ನಿಮ್ಮ ವಿಜಯಪುರದ ಕರೀ ಕಲ್ಲೂ ಲಾವಾನ, ಆದ್ರ ಅದು ಹುಟ್ಟಿ ಸುಮಾರು 6.6 ಕೋಟಿ ವರ್ಷ, ಈ ದ್ವೀಪದ್ದು ಅದರಕಿಂತ ಹಿರೇದು. ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಮಾಡ್ಯಾರ. ಹೆಸರಿನ ಕತಿನೂ ಐತಿ, 1498ರಾಗ ವಾಸ್ಕೋ ಡ ಗಾಮಾ ಇಲ್ಲಿ ಇಳದು ಶಿಲುಬಿ ನೆಟ್ಟು ಮೇರಿ ಹೆಸರಿಟ್ಟ ಅಂತಾರ, ಹುಡುಗರಿಗೆ ಅದಕಿಂತ ಮಡಗಾಸ್ಕರ್ ಕತಿ ಬಾಳ ಸೇರ್ತು. ಸಮುದ್ರ ಇಳಿತ ಇದ್ದಾಗ ಕಂಬದ ಬುಡ ಚಲೋ ಕಾಣ್ತೈತಿ, ಇಳಿತದ ಹೊತ್ತು ದಿನಾ ಹೆಚ್ಚುಕಡಿಮಿ ಐವತ್ತು ನಿಮಿಷ ಮುಂದಕ್ಕ ಹೋಗ್ತೈತಿ, ಹಿಂದಿನ ದಿನ ಮಲ್ಪೆಯೊಳಗ ಮೀನುಗಾರರನ್ನ ಕೇಳಿದ್ರ ಹೇಳ್ತಾರ.

ದ್ವೀಪದ ಮ್ಯಾಲೇ ಉಳೀಬೇಕು ಅಂದ್ರ ಅಂಡಮಾನ್ ಐತಿ, ಆದ್ರ ಮೇ ಕೊನಿಗೆ ಅಲ್ಲಿಗೂ ಬ್ಯಾಡ, ಮುಂಗಾರು ನಮ್ಮಕಿಂತ ಮೊದಲ ಅಲ್ಲಿಗೇ ಬರ್ತೈತಿ. ಒಂದು ಮಜಾ ಹೇಳ್ತೀನಿ, ಪೋರ್ಟ್ ಬ್ಲೇರ್‌ಗೆ 2024ರಾಗ ಶ್ರೀ ವಿಜಯಪುರಂ ಅಂತ ಹೆಸರಿಟ್ಟಾರ, ಟಿಕೆಟ್ ತೆಗೆಸುವಾಗ ಹುಷಾರ್ರಿ, ಮನ್ಯಾಗಿನವರು ನಮ್ಮೂರಿಂದ ನಮ್ಮೂರಿಗೇ ವಿಮಾನ ಯಾಕ ಅಂದಾರು. ಮುರ್ಡೇಶ್ವರದ ಹತ್ರ ನೇತ್ರಾಣಿ ಐತಿ, ಅದು ಸ್ಕೂಬಾ ಮಾಡೋ ಹರೇದ ಹುಡುಗರಿಗೆ. ನಿಮಗೆ ಬೆಳಗಾವಿ ಕಡೆ ಬೀಗರು ಇದ್ರ ಅಂಬೋಲಿ ಘಟ್ಟ ಇಳದು ಮಾಲ್ವಣಕ್ಕ ಹೋಗೂದೂ ಚಲೋ, ಶಿವಾಜಿ ಕಟ್ಟಿಸಿದ ಸಿಂಧುದುರ್ಗ ಕೋಟಿ ಸಮುದ್ರದ ನಡುವ ಐತಿ, ಉಪ್ಪು ನೀರಿನ ನಡುವ ಸೀ ನೀರಿನ ಬಾವಿ ಅದಾವು. ಮಳೆಗಾಲಕ್ಕ ಆ ಬೋಟೂ ಬಂದ್.

ಊಟಕ್ಕ ಒಂದು ಮಾತು. ಕುಚಲಕ್ಕಿ ಅನ್ನ ಹಿರ್ಯಾರಿಗೆ ಒಮ್ಮಿಗಲೆ ಒಗ್ಗಂಗಿಲ್ಲ, ನಮ್ಮವ್ವ ಎರಡು ತುತ್ತು ತಿಂದು ಬುತ್ತಿ ಬಿಚ್ಚಿದ್ಲು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ರಿ, ಆದ್ರ ರೊಟ್ಟಿ ಡಬ್ಬಿ ಗಟ್ಟಿ ಮುಚ್ಚಿ ಇಡ್ರಿ, ನಾವು ಅರಿವ್ಯಾಗ ಸುತ್ತಿಟ್ಟಿದ್ವಿ, ಆ ಪಸಿ ಗಾಳಿಗೆ ಮರುದಿನಕ್ಕ ಎಲ್ಲಾ ಮೆತ್ತಗ ಚಪಾತಿ ಆಗಿದ್ವು. ಗಾಡಿ ಬ್ಯಾಡ ಅಂದ್ರ ವಿಜಯಪುರ-ಮಂಗಳೂರು ಟ್ರೇನ್ ಐತಿ, ಮಂಗಳೂರಿಂದ ಉಡುಪಿಗೆ ಬಸ್ ಸಿಗ್ತಾವು, ಅಪ್ಪ-ಅವ್ವಗ ಕೆಳಗಿನ ಬರ್ತ್ ಬೇಕಂದ್ರ ಸೂಟಿಯ ರಶ್‌ಗಿಂತ ಮೊದಲ ಬುಕ್ ಮಾಡ್ರಿ. ತಾರೀಕು ಬದಲಾಯಿಸಾಕ ಆಗೂದೇ ಇಲ್ಲಂದ್ರ ಈ ವರ್ಷ ದ್ವೀಪ ಬಿಟ್ಟುಬಿಡ್ರಿ, ಉಡುಪಿ ಕೃಷ್ಣಮಠ, ಮುರ್ಡೇಶ್ವರ ನೋಡಿ ದಂಡಿಗೆ ನಿಂತು ತೆರಿ ನೋಡ್ಕೊಂಡು ಬರ್ರಿ. ಮಕ್ಕಳಿಗೆ ಮಾತ್ರ ಬೋಟ್ ಹತ್ತಸ್ತೀನಿ ಅಂತ ಮಾತು ಕೊಡಬ್ಯಾಡ್ರಿ, ನಮ್ಮ ಸಣ್ಣಾಂವ ಆ ಬಾಗಲಾ ಹಾಕಿದ ಕೌಂಟರ್ ಮುಂದ ಅತ್ತದ್ದು ಹುಬ್ಬಳ್ಳಿ ದಾಟೂತನಕ ನಿಂತಿರಲಿಲ್ಲ.