ಸೀಟು ಮೇಸ್ತ್ರಿಯನ್ನು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾರಿನ ಬಟ್ಟೆ ಸೀಟು, ಮೆತ್ತನೆ ಜುಂಗಿನ ಸ್ವೇಡ್ ಸೀಟಿನದೇ ಗೋಳು. ದಸರಾ ಕಳೆದ ಮೇಲೆ ಪ್ರತಿ ವರ್ಷ ಹೀಗೇ. ನೆಂಟರು ಊರಿಗೆ ಹೋಗಿರುತ್ತಾರೆ, ಅವರು ಚೆಲ್ಲಿದ್ದು ಕಾರಿನಲ್ಲೇ ಇರುತ್ತದೆ. ನಾನು ಕುಷನ್ ಕೆಲಸದವನು. ಮೈಸೂರಿನಲ್ಲಿ ಸೀಟು ಬಿಚ್ಚಿ ಹೊಲಿಯುವುದೇ ಹೊಟ್ಟೆಪಾಡು. ಹಾಗಾಗಿ ಮೇಲಿನ ಬಟ್ಟೆಗಿಂತ ಒಳಗಿನ ಫೋಮಿನ ಮಾತು ಜಾಸ್ತಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಸ್ತ್ರಿಗಳೇ, ನಂಜನಗೂಡಿನ ತವರಿನಿಂದ ಕ್ಯಾರಿಯರ್‌ನಲ್ಲಿ ಹುಳಿ ತರುತ್ತಿದ್ದೆವು. ಹಂಪ್ ಮೇಲೆ ಕಾರು ಎಗರಿದಾಗ ಡಬ್ಬಿ ವಾಲಿ ಹಿಂದಿನ ಸೀಟಿನ ಮೇಲೆ ಚೆಲ್ಲಿತು. ತಿಳಿ ಬಣ್ಣದ ಬಟ್ಟೆ ಸೀಟು. ಮನೆಗೆ ಬಂದು ಸೋಪಿನ ಪುಡಿ ಹಾಕಿ ಬ್ರಷ್‌ನಲ್ಲಿ ಉಜ್ಜಿದೆ. ಹಳದಿ ಇದ್ದದ್ದು ಕೆಂಪಾಗಿ ಕೂತಿದೆ. ಸೀಟಿನ ಬಣ್ಣವೇ ಹೋಯಿತೇ?
– ಗೃಹಿಣಿ, ಕುವೆಂಪುನಗರ

ಉತ್ತರ: ಇಲ್ಲ ತಾಯಿ, ಸೀಟಿನ ಬಣ್ಣ ಎಲ್ಲೂ ಹೋಗಿಲ್ಲ. ಆರತಿಗೆ ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದರೆ ಕೆಂಪಾಗುತ್ತದಲ್ಲ, ನಿಮ್ಮ ಸೀಟಿನ ಮೇಲೆ ಆಗಿರುವುದೂ ಅದೇ. ಅರಿಶಿನದ ಬಣ್ಣಕ್ಕೆ ಕರ್ಕ್ಯುಮಿನ್ ಅನ್ನುತ್ತಾರೆ. ಅದಕ್ಕೆ ಕ್ಷಾರ ತಾಕಿದರೆ ಕೆಂಪು, ವಿನೆಗರ್‌ನಂಥ ಹುಳಿ ಪದಾರ್ಥ ತಾಕಿದರೆ ಮತ್ತೆ ಹಳದಿ. ಬಟ್ಟೆ ಒಗೆಯುವ ಪುಡಿಯಲ್ಲಿ ಇರುವುದೇ ಕ್ಷಾರ.

ಮೊದಲು ಆ ಸೋಪು ತೆಗೆಯಬೇಕು. ಬಿಳಿ ಕಾಟನ್ ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಕಲೆಯ ಮೇಲೆ ಒತ್ತಿ ಒತ್ತಿ ಎತ್ತಿ. ಉಜ್ಜಬೇಡಿ. ಬಟ್ಟೆಗೆ ನೊರೆ ಬರುವುದು ನಿಲ್ಲುವವರೆಗೂ ಇದೇ ಕೆಲಸ. ಆಮೇಲೆ ಕಾಲು ಲೋಟ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿ ಅದೇ ರೀತಿ ಒತ್ತಿದರೆ ಕೆಂಪು ಇಳಿದು ಹಳದಿಗೆ ಬರುತ್ತದೆ. ಹುಳಿಯಲ್ಲಿ ಒಗ್ಗರಣೆ ಎಣ್ಣೆ ಇರುತ್ತದಾದ್ದರಿಂದ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ತೊಟ್ಟು ಒದ್ದೆ ಬಟ್ಟೆಗೆ ಹಾಕಿ ಒತ್ತಿ, ಮತ್ತೆ ಬರೀ ನೀರಿನ ಬಟ್ಟೆಯಿಂದ ಅದನ್ನು ತೆಗೆಯಿರಿ. ಉಳಿದ ಹಳದಿ ನೀರಿಗೆ ಕರಗುವ ಜಾತಿಯದಲ್ಲ, ಸ್ಪಿರಿಟ್‌ಗೆ ಕರಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿ ತನ್ನಿ. ಸೀಟಿನ ಕೆಳಗೆ ಕಾಣದ ಜಾಗದಲ್ಲಿ ಮೊದಲು ಮುಟ್ಟಿಸಿ, ಬಿಳಿ ಬಟ್ಟೆಗೆ ಸೀಟಿನ ಬಣ್ಣ ಹತ್ತಲಿಲ್ಲ ಎಂದರೆ ಮಾತ್ರ ಕಲೆಯ ಮೇಲೆ ಒತ್ತಿ. ಬಾಗಿಲು ನಾಲ್ಕೂ ತೆಗೆದಿರಲಿ. ಡ್ಯಾಶ್‌ಬೋರ್ಡಿನ ಗಣಪತಿಗೆ ಊದುಬತ್ತಿ ಹಚ್ಚುವ ಅಭ್ಯಾಸವಿದ್ದರೆ ಅವತ್ತೊಂದು ದಿನ ಬೇಡ, ಸ್ಪಿರಿಟ್ ಹೊತ್ತಿಕೊಳ್ಳುತ್ತದೆ.

ಇಷ್ಟಾದ ಮೇಲೂ ತೆಳುವಾಗಿ ಹಳದಿ ಉಳಿದರೆ ಕಾರನ್ನು ಆ ಕಡೆಗೆ ಬಿಸಿಲು ಬೀಳುವಂತೆ ನಿಲ್ಲಿಸಿ. ಅರಿಶಿನಕ್ಕೆ ಬಿಸಿಲಿನಷ್ಟು ದೊಡ್ಡ ಶತ್ರು ಇಲ್ಲ. ಕೆಲವು ದಿನದಲ್ಲಿ ತಾನಾಗೇ ಮಾಸುತ್ತದೆ, ನೀವು ಏನೂ ಮಾಡಬೇಕಿಲ್ಲ.

ಪ್ರಶ್ನೆ: ಮಂಡ್ಯದಲ್ಲಿ ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ ಕಣಣ್ಣ. ಒಳಗೂ ಮಾಡ್ತೀವಿ ಅಂದ್ರು, ಮಾಡಿ ಅಂದೆ. ಸೀಟು ಪಳಪಳ ಅಂತಿತ್ತು. ಮೂರನೇ ದಿನಕ್ಕೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಸೀಟಿನ ನಡುವೆ ಕಂದು ಬಣ್ಣದ ಗೆರೆ ಬೇರೆ. ಸೆಂಟ್ ಬಾಟಲಿ ಇಟ್ಟರೂ ಹೋಗ್ತಿಲ್ಲ. ದಾರಿ ಹೇಳಿ.
– ರೈತ, ಮಂಡ್ಯ ತಾಲ್ಲೂಕು

ಉತ್ತರ: ಸೆಂಟ್ ಬಾಟಲಿ ಎತ್ತಿ ಆಚೆ ಇಡಣ್ಣ. ಮುಗ್ಗಲಿನ ಜೊತೆ ಮಲ್ಲಿಗೆ ಸೇರಿದರೆ ಇನ್ನೂ ಕೆಟ್ಟದು.

ಸೀಟಿನ ಬಟ್ಟೆ ತೆಳು ಪಾಲಿಯೆಸ್ಟರ್, ಅರ್ಧ ಗಂಟೆಯಲ್ಲಿ ಒಣಗಿದಂತೆ ಕಾಣುತ್ತದೆ. ಅದರ ಕೆಳಗೆ ಅಂಗೈ ಅಗಲಕ್ಕಿಂತ ದಪ್ಪದ ಫೋಮ್ ಇದೆ. ಪೈಪು ಹಿಡಿದು ಶಾಂಪೂ ನೊರೆ ತೊಳೆದಿದ್ದರೆ ಆ ನೀರೆಲ್ಲ ಇಳಿದಿರುವುದು ಅಲ್ಲಿಗೆ. ಹೀಗೆ ತೊಳೆದ ಸೀಟು ಅಂಗಡಿಗೆ ಬಂದಾಗ ಬಟ್ಟೆ ಬಿಚ್ಚಿ ಫೋಮನ್ನು ಎರಡು ಕೈಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೊರೆ ಸಮೇತ ನೀರು ಸುರಿಯುತ್ತದೆ. ಮೇಲೆ ಮುಟ್ಟಿದರೆ ಮಾತ್ರ ಒಣ ಒಣ. ಕಂದು ಗೆರೆ ಬಂದದ್ದೂ ಅದರಿಂದಲೇ. ಒಳಗಿನ ನೀರು ಆವಿಯಾಗಲು ಮೇಲೆ ಬರುತ್ತದೆ, ಬರುವಾಗ ವರ್ಷಗಟ್ಟಲೆಯ ಕೊಳೆ, ತೊಳೆಯದೆ ಬಿಟ್ಟ ಶಾಂಪೂ ಎರಡನ್ನೂ ಹೊತ್ತು ತಂದು ಒದ್ದೆ ಒಣಗುವ ಅಂಚಿನಲ್ಲಿ ಬಿಟ್ಟು ಹೋಗುತ್ತದೆ. ಕಲೆ ಕೂತ ಸೀಟಿಗಿಂತ ನೀರು ಕುಡಿದ ಸೀಟೇ ನನ್ನ ಅಂಗಡಿಗೆ ಜಾಸ್ತಿ ಬರುವುದು. ನನಗೆ ಅದು ವ್ಯಾಪಾರ, ನಿಮಗೆ ದಂಡ.

ಈಗ ಮಾಡಬೇಕಾದ್ದು ನೀರು ಹೊರಗೆ ತೆಗೆಯುವುದು. ನೀರೆಳೆಯುವ ವಾಕ್ಯೂಮ್ ಬಾಡಿಗೆಗೆ ಸಿಕ್ಕರೆ ಅದನ್ನೇ ಹಿಡಿದು ನಿಧಾನವಾಗಿ ಎಳೆಸಿ. ಸಿಗದಿದ್ದರೆ ಒಣ ಟವೆಲ್ ಹಾಸಿ ಮೊಣಕಾಲೂರಿ ಭಾರ ಬಿಡಿ, ಟವೆಲ್ ಒದ್ದೆಯಾದರೆ ಬದಲಿಸಿ. ಕಾಲಡಿಯ ಮ್ಯಾಟ್ ಎತ್ತಿ ಅದರ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಅಲ್ಲಿ ನೀರು ನಿಂತಿದ್ದರೆ ಸೀಟು ಎಷ್ಟು ಒಣಗಿಸಿದರೂ ವಾಸನೆ ಹೋಗದು. ಬಿಸಿಲಿದ್ದಾಗ ಬಾಗಿಲು ತೆಗೆದು ನಿಲ್ಲಿಸಿ, ರಾತ್ರಿ ಶೆಡ್ಡಿನಲ್ಲಿ ಟೇಬಲ್ ಫ್ಯಾನ್ ಹಚ್ಚಿ ಸೀಟಿನ ಕಡೆ ತಿರುಗಿಸಿ. ಮೋಡ ಕವಿದ ದಿನವಾದರೆ ಓಡಿಸುವಾಗ ಏಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಿ. ಏಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಫೋಮಿನ ತೇವ ಎಬ್ಬಿಸುತ್ತದೆ. ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡಾ ತೆಳುವಾಗಿ ಉದುರಿಸಿ, ರಾತ್ರಿ ಬಿಟ್ಟು, ಬೆಳಗ್ಗೆ ವಾಕ್ಯೂಮ್ ಹಿಡಿಯಿರಿ. ಒದ್ದೆ ಇರುವಾಗಲೇ ಸೋಡಾ ಹಾಕಿದರೆ ಗಾರೆಯಾಗುತ್ತದೆ.

ಕಂದು ಗೆರೆಗೆ: ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ತುಂಡನ್ನು ಒಂದೇ ಸಮ ತೇವದ ಬಟ್ಟೆಯಿಂದ ಒರೆಸಿ. ಗೆರೆಯನ್ನಷ್ಟೇ ಒರೆಸಿದರೆ ಅದರ ಸುತ್ತ ಇನ್ನೊಂದು ಗೆರೆ ಬೀಳುತ್ತದೆ.

ಸೀಟಿನ ಕೆಳಗೆ ಕೈ ಹಾಕಿದಾಗ ಹಳದಿ ಬಣ್ಣದ ವೈರ್ ಸಾಕೆಟ್ ಕಂಡರೆ ಎಳೆಯಬೇಡಿ. ಅದು ಏರ್‌ಬ್ಯಾಗಿನದು. ನೀರು ಹೋಗಿ ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಹತ್ತಿದ್ದರೆ ಷೋರೂಮಿನ ವರ್ಕ್‌ಶಾಪಿಗೇ ತೋರಿಸಿ. ಇನ್ನೊಂದು ಮಾತು. ಮುಂದೆ ಯಾವತ್ತಾದರೂ ತೊಳೆಯದೆಯೇ ಎಡಗಡೆ ಕಾಲಡಿ ಒದ್ದೆಯಾದರೆ ಏಸಿ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡಿಸಿ.

ಪ್ರಶ್ನೆ: ಆಯುಧ ಪೂಜೆ ದಿನ ಅಪ್ಪ ಸ್ಟೀರಿಂಗ್‌ಗೆ ಇಟ್ಟ ಕುಂಕುಮ ಡ್ರೈವರ್ ಸೀಟಿನ ಮೇಲೆ ಉದುರಿದೆ. ಒದ್ದೆ ಬಟ್ಟೆಯಲ್ಲಿ ಒರೆಸಲೇ?
– ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ಒದ್ದೆ ಬಟ್ಟೆ ದೂರ ಇಡು ಮಗು. ಒಣ ಕುಂಕುಮ ಬರೀ ಪುಡಿ, ನೀರು ಬಿದ್ದರೆ ಬಣ್ಣ. ಬ್ರಷ್ ತೆಗೆದ ವಾಕ್ಯೂಮ್ ಬಾಯಿಯನ್ನು ಸ್ವಲ್ಪ ಮೇಲೆ ಹಿಡಿದು ಎಳೆಸು, ಉಳಿದದ್ದಕ್ಕೆ ಸೆಲ್ಲೋ ಟೇಪ್ ಅಂಟಿಸಿ ಅಂಟಿಸಿ ಎತ್ತು. ಅಷ್ಟಾಗುವವರೆಗೆ ಆ ಸೀಟಿನಲ್ಲಿ ಯಾರೂ ಕೂರಬಾರದು. ಮುಂದಿನ ವರ್ಷ ಪೂಜೆಗೆ ಮೊದಲು ಸೀಟಿನ ಮೇಲೆ ಹಳೇ ಪಂಚೆ ಹಾಸು. ಚೆಂಡುಹೂವಿನ ಹಾರವನ್ನೂ ಸೀಟಿಗೆ ಒತ್ತಿಕೊಂಡಂತೆ ಬಿಡಬೇಡ, ಅದೂ ಬಣ್ಣ ಬಿಡುತ್ತದೆ.

ಪ್ರಶ್ನೆ: ನಮ್ಮದು ಸ್ವೇಡ್ ಸೀಟು, ಕಪ್ಪು ಬೂದಿ ಬಣ್ಣ. ಕಾರು ಕೊಂಡಾಗ ಕೈಯಾಡಿಸಿದರೆ ಎಷ್ಟು ಮೆತ್ತಗಿತ್ತು! ಈಗ ನಮ್ಮ ಯಜಮಾನರ ತಲೆ ತಾಗುವ ಕಡೆ ಗಟ್ಟಿಯಾಗಿ ಹೊಳೆಯುತ್ತಿದೆ. ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಹೇಳಿದರೆ ಕೇಳುವುದಿಲ್ಲ. ಲೆದರ್ ಪಾಲಿಶ್ ಹಾಕಬಹುದೇ?
– ಬ್ಯಾಂಕ್ ಉದ್ಯೋಗಿ, ವಿಜಯನಗರ, ಮೈಸೂರು

ಉತ್ತರ: ಪಾಲಿಶ್ ಖಂಡಿತ ಬೇಡ ಮೇಡಂ. ಇದು ಚರ್ಮವೇ ಅಲ್ಲ. 1970ರಲ್ಲಿ ಜಪಾನಿನ ಟೋರೇ ಕಂಪನಿಯ ಮಿಯೋಶಿ ಒಕಾಮೊಟೊ ಎಂಬ ವಿಜ್ಞಾನಿ ಕಂಡುಹಿಡಿದ ಬಟ್ಟೆ ಇದರ ಮೂಲ. ಇಟಲಿಯಲ್ಲಿ ತಯಾರಾಗುವ ಅಲ್ಕಾಂಟರಾ ಅದೇ ವಂಶದ್ದು: ನೂರರಲ್ಲಿ ಸುಮಾರು 68 ಪಾಲು ಪಾಲಿಯೆಸ್ಟರ್, 32 ಪಾಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಕೂದಲಿಗಿಂತ ಸಣ್ಣ ಎಳೆಗಳನ್ನು ಪಾಲಿಯುರೆಥೇನ್ ಹಿಡಿದುಕೊಂಡಿರುತ್ತದೆ, ಎಳೆಗಳ ತುದಿ ಮೇಲೆದ್ದು ನಿಂತಿರುವುದರಿಂದ ಕೈಗೆ ಮೆತ್ತಗೆ. ನಮ್ಮಲ್ಲಿ ಅಂಗಡಿಗಳು ಸ್ವೇಡ್ ಎಂದು ಮಾರುವ ಕವರ್‌ಗಳೆಲ್ಲ ಅಲ್ಕಾಂಟರಾ ಅಲ್ಲ. ಬಹಳಷ್ಟು ಒಂದು ಕಡೆ ಜುಂಗೆಬ್ಬಿಸಿದ ಪಾಲಿಯೆಸ್ಟರ್ ಬಟ್ಟೆ, ಹಿಂದೆ ತೆಳು ಫೋಮ್. ಶುಚಿ ಮಾಡುವ ರೀತಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಅಗ್ಗದ್ದಕ್ಕೆ ಕೈ ಇನ್ನೂ ಹಗುರ ಇರಬೇಕು ಅಷ್ಟೆ.

ನಿಮ್ಮ ಸೀಟು ಹೊಳೆಯುತ್ತಿರುವುದು ಸವೆದು ಅಲ್ಲ. ಎಣ್ಣೆ, ಬೆವರು, ಧೂಳು ಸೇರಿ ಆ ಜುಂಗನ್ನು ಮಲಗಿಸಿ ಅಂಟಿಸಿವೆ. ಉಗುರಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆಯುದ್ದಕ್ಕೂ ಎಳೆ ಎದ್ದು ಬಣ್ಣ ಬೇರೆ ಕಂಡರೆ ಜೀವ ಇದೆ. ಮೊದಲು ಮೃದು ಬ್ರಷ್ ಇರುವ ವಾಕ್ಯೂಮ್ ಹಿಡಿದು ಧೂಳು ತೆಗೆಯಿರಿ. ಧೂಳಿರುವಾಗ ಒದ್ದೆ ತಾಗಿಸಿದರೆ ಕೆಸರು ಮಾಡಿಕೊಂಡಂತೆ. ಬಿಳಿ ಕಾಟನ್ ಬಟ್ಟೆಯ ತುದಿಗೆ, ಸೀಟಿಗಲ್ಲ, ಮೊದಲ ಉತ್ತರದಲ್ಲಿ ಹೇಳಿದ ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ, ಜಿಡ್ಡಿನ ಹೊರಗಿನಿಂದ ಒಳಕ್ಕೆ ಬರುತ್ತಾ ಮೆಲ್ಲಗೆ ಒತ್ತಿ. ಬಟ್ಟೆ ಕಂದಾದರೆ ಎಣ್ಣೆ ಬರುತ್ತಿದೆ ಎಂದರ್ಥ, ಮಡಿಕೆ ಬದಲಿಸಿ. ಆಮೇಲೆ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಇಡೀ ಹೆಡ್‌ರೆಸ್ಟ್ ಒರೆಸಿ, ರಾತ್ರಿಯಿಡೀ ತಾನಾಗಿ ಒಣಗಲು ಬಿಡಿ. ಹೇರ್ ಡ್ರೈಯರ್ ಬೇಡ. ಬೆಳಗ್ಗೆ ಮಕ್ಕಳ ತಲೆ ಬಾಚುವ ಮೆತ್ತನೆ ಬ್ರಷ್‌ನಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹಗುರವಾಗಿ ಆಡಿಸಿದರೆ ಜುಂಗು ಏಳುತ್ತದೆ. ಒಂದೇ ಸಲಕ್ಕೆ ಪೂರ್ತಿ ಬರಲಿಲ್ಲವೆಂದು ಬಟ್ಟೆ ಒಗೆಯುವ ಬ್ರಷ್ ಎತ್ತಬೇಡಿ. ಎಳೆ ಕಿತ್ತು ಉಂಡೆ ಉಂಡೆಯಾದರೆ ಯಾರಿಂದಲೂ ಸರಿಯಾಗದು. ಉಗುರು ಬಣ್ಣ ತೆಗೆಯುವ ದ್ರವ, ಪೇಂಟ್ ಥಿನ್ನರ್ ಕೂಡ ಹತ್ತಿರ ತರಬೇಡಿ, ಪಾಲಿಯುರೆಥೇನ್‌ಗೆ ಆಗಿಬರದು.

ಯಜಮಾನರ ಎಣ್ಣೆ ಬಿಡಿಸುವ ಕೆಲಸ ನನ್ನದಲ್ಲ. ಹೆಡ್‌ರೆಸ್ಟ್‌ಗೆ ಒಗೆಯಬಹುದಾದ ಕಾಟನ್ ಚೀಲ ಹೊಲಿಸಿ ಹಾಕಿ, ಇಬ್ಬರಿಗೂ ನೆಮ್ಮದಿ.

ಪ್ರಶ್ನೆ: ಚಾಮುಂಡಿ ಬೆಟ್ಟದ ತಿರುವಿನಲ್ಲಿ ಮಗು ಹಾಲು ವಾಂತಿ ಮಾಡಿತು. ಬಿಸಿನೀರಲ್ಲಿ ಒರೆಸಿದೆವು, ಹುಳಿ ವಾಸನೆ ಹಾಗೇ ಇದೆ.
– ಹೊಸ ತಂದೆ, ಮದ್ದೂರು

ಉತ್ತರ: ಹಾಲು, ಮೊಟ್ಟೆ, ರಕ್ತ, ಇವಕ್ಕೆಲ್ಲ ತಣ್ಣೀರೇ. ಬಿಸಿ ತಾಗಿದರೆ ಪ್ರೋಟೀನ್ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ನಾಯಿ, ಬೆಕ್ಕಿನ ಸಾಮಾನು ಮಾರುವ ಅಂಗಡಿಯಲ್ಲಿ ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ತೇವವಾಗಿ ಬಿಟ್ಟರೆ ಒಳಗಿನ ಹಾಲನ್ನು ಅದು ಒಡೆಯುತ್ತದೆ, ಬೇಗ ಒರೆಸಿಬಿಟ್ಟರೆ ಕೆಲಸ ಮಾಡದು. ಸೀಟ್ ಬೆಲ್ಟ್ ಬಕಲ್ ಇಳಿಯುವ ಸಂದಿಯಲ್ಲಿ ಟಾರ್ಚ್ ಹಾಕಿ ನೋಡಿ, ವಾಸನೆ ಅಲ್ಲಿಂದಲೂ ಬರುತ್ತಿರಬಹುದು.

ಪ್ರಶ್ನೆ: ಆಲೆಮನೆಯಿಂದ ತಂದ ಜೋನಿ ಬೆಲ್ಲದ ಡಬ್ಬಿ ಒಡೆದು ಸೀಟೆಲ್ಲ ಅಂಟು. ಇರುವೆ ಬೇರೆ.
– ಶಿಕ್ಷಕಿ, ಪಾಂಡವಪುರ

ಉತ್ತರ: ಎಲ್ಲಕ್ಕಿಂತ ಸುಲಭದ ಕಲೆ ನಿಮ್ಮದು ಅಕ್ಕ. ಚಮಚದಿಂದ ಕೆರೆದು ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒತ್ತುತ್ತಾ ಬನ್ನಿ, ಸೋಪೇ ಬೇಡ. ಅಂಟು ಪೂರ್ತಿ ಹೋದರೆ ಇರುವೆಗೂ ಅಲ್ಲಿ ಕೆಲಸವಿಲ್ಲ. ಇರುವೆ ಪುಡಿ ಮಾತ್ರ ಸೀಟಿಗೆ ಹಾಕಬೇಡಿ, ಮಕ್ಕಳು ಕೂರುವ ಜಾಗ.

ಪ್ರಶ್ನೆ: ತಾತನ ಎಲೆ ಅಡಿಕೆ ಕಲೆ, ವರ್ಷದ ಹಿಂದಿನದು. ಏನು ಮಾಡಿದರೂ ಹೋಗಲಿಲ್ಲ. ಮೇಲೆ ರೆಕ್ಸಿನ್ ಕವರ್ ಹೊಲಿಸಿ ಮುಚ್ಚಿಬಿಡೋಣವೇ?
– ವ್ಯಾಪಾರಿ, ಕೆ.ಆರ್. ಪೇಟೆ

ಉತ್ತರ: ಹೋಗುವುದಿಲ್ಲ ಸ್ವಾಮಿ, ಆಸೆ ಬಿಡಿ. ಅಡಿಕೆಯ ಚೊಗರು ಬಣ್ಣ ಹಾಕಿದಷ್ಟೇ ಗಟ್ಟಿಯಾಗಿ ಬಟ್ಟೆ ಹಿಡಿಯುತ್ತದೆ. ಬ್ಲೀಚ್ ಹಾಕಿದರೆ ಕಲೆಯ ಜಾಗದಲ್ಲಿ ಬಿಳಿ ಮಚ್ಚೆ ಬೀಳುತ್ತದೆ ಅಷ್ಟೆ. ಆದರೆ ಒಂದು ಕಲೆಗೆ ಇಡೀ ಕಾರಿಗೆ ರೆಕ್ಸಿನ್ ಹೊದಿಸುವುದು ನನಗೆ ಸರಿ ಕಾಣದು. ಏಪ್ರಿಲ್ ಬಿಸಿಲಿನಲ್ಲಿ ಕೂತವರಿಗೆ ಗೊತ್ತು ಬಟ್ಟೆ ಸೀಟಿನ ಸುಖ. ಕುಷನ್ ಅಂಗಡಿಯಲ್ಲಿ ಕೂರುವ ಜಾಗದ ಆ ಒಂದು ತುಂಡನ್ನಷ್ಟೇ ಬಿಚ್ಚಿ, ಹೊಂದುವ ಬಟ್ಟೆ ಹಾಕಿ ಹೊಲಿದು ಕೊಡುತ್ತಾರೆ. ಅದೇ ತುಂಡನ್ನು ಪಕ್ಕದ ಸೀಟಿಗೂ ಹಾಕಿಸಿದರೆ ಬೇಕೆಂದೇ ಮಾಡಿಸಿದಂತೆ ಕಾಣುತ್ತದೆ.

ಕವರೇ ಬೇಕೆಂದರೆ ಮುಂದಿನ ಸೀಟಿನ ಬೆನ್ನಿನ ಹೊರಪಕ್ಕ, ಬಾಗಿಲ ಕಡೆ, ಏರ್‌ಬ್ಯಾಗ್ ಎಂಬ ಸಣ್ಣ ಚೀಟಿ ಹೊಲಿದಿದೆಯೇ ನೋಡಿ. ಇದ್ದರೆ ಅಪಘಾತದಲ್ಲಿ ಆ ಹೊಲಿಗೆ ಹರಿದುಕೊಂಡು ಏರ್‌ಬ್ಯಾಗ್ ಹೊರಬರಬೇಕು. ಮೇಲೆ ಗಟ್ಟಿ ರೆಕ್ಸಿನ್ ಬಿಗಿದಿದ್ದರೆ ದಾರಿ ಇರುವುದಿಲ್ಲ. ಆ ಪಕ್ಕ ತೆರೆದಿರುವ, ಏರ್‌ಬ್ಯಾಗ್ ಸೀಟಿಗೆಂದೇ ಮಾಡಿದ ಕವರ್ ಕೇಳಿ. ಅಂಗಡಿಯವನು ಏನೂ ಆಗಲ್ಲ ಸಾರ್ ಎಂದರೆ ಬೇರೆ ಅಂಗಡಿ ನೋಡಿ.